ಅರವತ್ತನಾಲ್ಕು ಅಕ್ಷರ

ಕ್ಲೈಪೆಡಾ ಬಂದರು, ಫೆಬ್ರವರಿ. ರಾತ್ರಿ ಒಂದಕ್ಕೆ
ಶುರುಮಾಡಿ ನಾಲ್ಕಕ್ಕೆ ಮುಗಿಸಬೇಕು:
ನಾಲ್ಕೂಕಾಲಿಗೆ ಕೀಲ್‌ನಿಂದ ಬರುವ ಹಡಗು
ಲಾರಿಗಳನ್ನು ಉಗುಳತೊಡಗುತ್ತದೆ. ಅಷ್ಟರಲ್ಲಿ
ನಮ್ಮ ಕಾವಲು ಎದ್ದು ಕೂತಿರಬೇಕು.

ಕಾವಲು ಅಂದರೆ ಹನ್ನೆರಡು ವರ್ಷದ ಹಳೇ ಸಾಫ್ಟ್‌ವೇರು.
ಮುನ್ನೂರ ಹದಿನೇಳು ಪೆಟ್ಟಿಗೆಗಳನ್ನು ನಿಮಿಷಕ್ಕೊಮ್ಮೆ
ಹೆಸರು ಹಿಡಿದು ಕೂಗುತ್ತದೆ: ಇದ್ದೀಯಾ?
ಓಗೊಟ್ಟರೆ ಹಸಿರು. ಮೂರು ಸಲ ಸುಮ್ಮನಿದ್ದರೆ
ಕೆಂಪು, ಆಮೇಲೆ ನನ್ನ ದಿಂಬಿನ ಪಕ್ಕದ ಫೋನು.

ಇವತ್ತು ಅದನ್ನೇ ಮಲಗಿಸಿ ಹೊಸದನ್ನು ಕೂರಿಸುವ ಕೆಲಸ.
ಕೈಪಿಡಿ ನೂರ ನಲವತ್ತು ಪುಟ; ಮೂರನೆಯದರಲ್ಲಿ
ದಪ್ಪ ಅಕ್ಷರ: ಮೊದಲು ಬ್ಯಾಕಪ್ ತೆಗೆಯಿರಿ.
ತೆಗೆದೆ. ಬೇರೆ ಡಿಸ್ಕಿಗೆ ಹಾಕಿ ತೆರೆದೂ ನೋಡಿದೆ.
ತೆರೆದು ನೋಡದ ಬ್ಯಾಕಪ್ಪು ಹರಕೆ ಹೊತ್ತ ಹಾಗೆ,
ಫಲಿಸಿದ ದಿನವೇ ಗೊತ್ತಾಗಬೇಕು.

ವಿಲ್ನಿಯಸ್ಸಿನಿಂದ ಔಸ್ತೇಯಾ, ಸ್ಪೀಕರಿನಲ್ಲಿ;
ಅವಳ ಮಗು ಕೆಮ್ಮುವುದೂ ಕೇಳುತ್ತದೆ.
"ಸರ್ವೀಸುಗಳನ್ನು ನಿಲ್ಲಿಸು." ನಿಲ್ಲಿಸಿದೆ.
ಗೋಡೆಯ ಪರದೆಯ ಮೇಲೆ ಮುನ್ನೂರ ಹದಿನೇಳೂ
ಬೂದಿಬಣ್ಣಕ್ಕೆ ತಿರುಗಿದವು. ಕೆಟ್ಟದ್ದೇನೂ ಆಗಿಲ್ಲ;
ಆದರೆ ಹೇಳುವವರಿಲ್ಲ, ಅಷ್ಟೆ.

ಶೇಕಡಾ ಹನ್ನೆರಡು. ಇಪ್ಪತ್ತು. ಇನ್ನೂ ಇಪ್ಪತ್ತು.
ಕಪ್ಪು ಬ್ರೆಡ್ಡಿನ ಮೇಲೆ ಹೊಗೆಯಾಡಿಸಿದ ಮೀನಿಟ್ಟು
ಎಡಗೈಯಲ್ಲೇ ತಿಂದೆ, ಕೀಲಿಮಣೆಗೆ ಜಿಡ್ಡು ತಾಗದಂತೆ.

ನಲವತ್ತೊಂದರಲ್ಲಿ ನಿಂತು ಕೇಳಿತು:
ಇನ್ನೂರ ಆರು ಟಿಪ್ಪಣಿಗಳು ಉದ್ದ ಮೀರಿವೆ.
ಅರವತ್ತನಾಲ್ಕು ಅಕ್ಷರಕ್ಕೆ ಕತ್ತರಿಸಲಾಗುವುದು.
ಮುಂದುವರಿಯಲೇ?

ಟಿಪ್ಪಣಿಯೆ? ಅಂಥದೊಂದು ಖಾನೆಯಿದೆಯೆಂದೇ
ನನಗೆ ತಿಳಿದಿರಲಿಲ್ಲ. ತೆರೆದರೆ, ರಿಮ್ವಿದಸ್.
ನನಗಿಂತ ಮುಂಚೆ ಒಂಬತ್ತು ವರ್ಷ ಈ ಕುರ್ಚಿ ಸವೆಸಿದವನು,
ಕಡೆಯ ದಿನ ಪಾಸ್‌ವರ್ಡುಗಳ ಹಾಳೆಯೊಂದನ್ನು ಕೈಗಿಟ್ಟು
ಗಾಳ ಹಿಡಿದು ಹೊರಟವನು.
ಮಾತೇ ಆಡದ ಮನುಷ್ಯ, ಎನ್ನುತ್ತಿದ್ದರು ಎಲ್ಲ.

ಶೈತ್ಯಾಗಾರ ಎರಡು. ಬಾಗಿಲು ಹತ್ತು ನಿಮಿಷ ತೆರೆದಿಟ್ಟರೆ
ಈ ಸ್ವಿಚ್ಚಿಗೆ ಬೆವರು ಬರುತ್ತದೆ. ಬೈಯಬೇಡ, ಒರೆಸು.

ಕ್ರೇನ್ ಏಳು. ಬೀಗದ ಕೈ ಕ್ಯಾಂಟೀನಿನ ಜಿವಿಲೇ ಹತ್ತಿರ.
ಕೇಳುವ ಮೊದಲು ಅವಳ ಮಂಡಿನೋವು ವಿಚಾರಿಸು.

ತೂಕದ ಸೇತುವೆ. ಗಾಳಿ ಪಶ್ಚಿಮದಿಂದ ಬಂದರೆ ಕೆಂಪಾಗುತ್ತದೆ. ಸುಳ್ಳು ಕೆಂಪು. ಆದರೂ ಹೋಗಿ ನೋಡು. ಒಂದು ಸಲ ನಿಜವಾಗಿತ್ತು.

ಪರದೆಗೆ ಬೆರಳಿಟ್ಟು ಎಣಿಸಿದೆ. ಇದರಲ್ಲಿ ಉಳಿಯುವುದು
ಸುಳ್ಳು ಕೆಂಪು, ಚುಕ್ಕೆ, ಒಂದು ಖಾಲಿ ಜಾಗ,
ಆಮೇಲೆ ಒಂದೇ ಒಂದು ಆ.
ಏನೋ ಹೇಳಲು ಬಾಯಿ ತೆರೆದವನ
ಮುಖಕ್ಕೆ ಕದ ಹಾಕಿದ ಹಾಗೆ.

"ಒತ್ತು ಮಾರಾಯ್ತಿ, ಎರಡೂವರೆ ಆಯಿತು," ಔಸ್ತೇಯಾ.
ತಡೆ ಎಂದೆ. ಪಡಸಾಲೆಯ ಪ್ರಿಂಟರು
ಗೊಣಗುತ್ತ ಎಚ್ಚರಾಯಿತು. ಮೂವತ್ತೊಂದು ಹಾಳೆ.
ಹದಿನೆಂಟನೆಯದು ಸಿಕ್ಕಿಕೊಂಡಿತು, ಎಳೆದು ತೆಗೆದೆ.
ಬೆಚ್ಚಗಿದ್ದವು. ಎದೆಗೊತ್ತಿಕೊಂಡೇ ಬಂದು
ಒತ್ತಿದೆ: ಹೌದು.

ಮುಂದಿನದೆಲ್ಲ ಸಲೀಸು. ಪರವಾನಗಿಯ ಉದ್ದನೆಯ ಸಂಖ್ಯೆ,
ಎರಡು ಸಲ ರೀಸ್ಟಾರ್ಟ್, ಹೆಸರು ಮರೆತ ಒಂದು ಪೋರ್ಟು.
ಮೂರೂ ಐವತ್ತೇಳಕ್ಕೆ ಹೊಸ ನಕ್ಷೆ ಕಣ್ಣು ಬಿಟ್ಟಿತು,
ಹಳೆಯದಕ್ಕಿಂತ ಚೆಂದ, ಗುಂಡಗಿನ ಚುಕ್ಕೆಗಳು,
ಸಾಲುಸಾಲಾಗಿ ಹಸಿರು, ಹಸಿರು,

ಒಂದು ಕೆಂಪು.

ಔಸ್ತೇಯಾ ಓದಿ ಹೇಳಿದಳು: "ತೂಕದ ಸೇತುವೆ.
ಸುಳ್ಳು ಕೆಂಪು ಅಂತ ಟಿಪ್ಪಣಿಯಲ್ಲೇ ಇದೆಯಲ್ಲ.
ಮುಗಿಯಿತು, ಮಲಗು ಹೋಗು."

ಕಿಟಕಿಯ ಗಾಜು ಪಶ್ಚಿಮದ ಕಡೆಯಿಂದ ಅದುರುತ್ತಿತ್ತು.
ಬೂಟು ಹಾಕಿಕೊಂಡೆ. ಟಾರ್ಚು, ಒರೆಸಲು ಒಂದು ಬಟ್ಟೆ.
ಹಡಗಿಗೆ ಇನ್ನು ಹದಿನೆಂಟು ನಿಮಿಷ.