ಇಪ್ಪತ್ಮೂರನೆಯ ಚೀಟಿ

ಬಾಗಲಕೋಟೆಯ ನವನಗರ, ಹೊಸ ಹಾಲು.
ಮುಳುಗಿದ ಊರಿಗೊಂದು ಪ್ರದರ್ಶನ: ‘ನಮ್ಮ ನೆನಪು, ನಮ್ಮ ಹಕ್ಕು’.
ವಸ್ತುಗಳ ಕೆಳಗೆ ಚೀಟಿ ಬರೆಯುವ ಕೆಲಸ ನನ್ನದು,
ಒಂದಕ್ಕೆ ನಲವತ್ತು ರೂಪಾಯಿ, ಬಣ್ಣ ಅವರದೇ.

ಬಾಗಿಲ ಚೌಕಟ್ಟು ಬಂತು, ಹಿತ್ತಾಳೆ ಚಿಲಕ ಸಮೇತ.
ಒರಳು ಬಂತು. ಕಿಲ್ಲೆ ಓಣಿಯ ಮನೆ ನಂಬರಿನ ತಗಡು,
ಪರಿಹಾರದ ನೋಟಿಸು, ಮಡಿಕೆಗಳಲ್ಲಿ ಅರಿಶಿನ.
ನೀರು ನಿಂತ ಗೆರೆಯಿದ್ದ ಗೋಡೆಯ ತುಂಡನ್ನೇ ಒಬ್ಬರು
ಗೋಣಿಯಲ್ಲಿ ಸುತ್ತಿ ತಂದರು, ಕೂಸಿನ ಹಾಗೆ.

ಇಪ್ಪತ್ಮೂರನೆಯದು ತಂದವಳು ಒಳಗೆ ಬರಲಿಲ್ಲ.
ಮೆಟ್ಟಿಲ ಕೆಳಗೇ ನಿಂತು ಸೀರೆಯ ಚೂರು ಬಿಚ್ಚಿದಳು:
ಎಣ್ಣೆ ಡಬ್ಬಿ ಕತ್ತರಿಸಿದ ಅಂಗೈಯಗಲದ ತಗಡು,
ಒಂದು ಅಂಚು ಕೆರೆದು ಕೆರೆದು ಒಳಗೆ ಬಾಗಿತ್ತು.

‘ನಲವತ್ತೊಂದು ಮನಿ ನಂದು, ಹಳೇ ಊರಾಗ.
ಮುಂಬಾಗಲಾ ಒಂದೂ ನೋಡಿಲ್ರಿ, ಹಿಂದಿನ ಕಿಂಡಿ ಅಷ್ಟ.
ಯಾರಿಗೆ ಜ್ವರ, ಯಾರ ಮನಿಯಾಗ ಹಬ್ಬ,
ಯಾವ ಸೊಸಿ ಊಟಾ ಬಿಟ್ಟಾಳ,
ಎಲ್ಲಾ ನನಗ ಮೊದಲ ಗೊತ್ತು.
ನೀರು ಬಂದಾಗ ಮಂದಿ ಅತ್ತರು. ನನಗ ನಗಿ ಬಂತ್ರಿ.
ಒಂದ ರಾತ್ರ್ಯಾಗ ಎಲ್ಲಾ ತೊಳದ ಹಾಕ್ತಲ್ಲ!
ಬರಕೋ ಇದನ್ನ.’

ಬರೆದೆ. ಅಕ್ಷರ ದಪ್ಪ ಮಾಡಿಯೇ ಬರೆದೆ.

ಮುರನಾಳ ಸರ್ ಕನ್ನಡಕ ಏರಿಸಿ ಓದಿದರು:
‘ಇದು ದುಃಖದ ಪ್ರದರ್ಶನ ತಮ್ಮಾ,
ನಕ್ಕವರನ್ನ ಎಲ್ಲಿ ಕೂಡಸೋಣು?’
ಸಮಿತಿಯ ಮೇಡಂ, ತಗಡು ಮುಟ್ಟದೆ, ಬಹಳ ಮೆತ್ತಗೆ:
‘ಹಕ್ಕು ಅಂದರೆ ಘನತೆ. ಸಾಲಿ ಮಕ್ಕಳು ಬರ್ತಾರೆ.’
ಗಾಜಿನ ಪೆಟ್ಟಿಗೆ ಉಳಿದಿಲ್ಲ, ಎಂದೂ ಸೇರಿಸಿದರು.
ಉಳಿದಿತ್ತು. ಅದರಲ್ಲಿ ಉದ್ಘಾಟನೆಯ ಕತ್ತರಿ, ರಿಬ್ಬನ್ನು.

ಹೇಳಿಬರಲು ಆಕೆಯ ಮನೆಗೆ ಹೋದೆ.
ನಾನು ಬಾಯಿ ತೆರೆಯುವ ಮೊದಲೇ ಆಕೆ:
‘ಹೆಸರ ಹಾಕೀಯೇನು? ಅಳಿಸಪಾ.
ಮೊಮ್ಮಗಳು ನರ್ಸಿಂಗ್ ಓದ್ತಾಳ,
ಗೆಳತ್ಯಾರನ್ನ ಕರಕೊಂಡು ನೋಡಾಕ ಬರ್ತಾಳಂತ.
ತಗಡ ಇರಲಿ. ನಾ ಬ್ಯಾಡ.’
ಎರಡೂ ಇಲ್ಲ ಅನ್ನಲಾಗಲಿಲ್ಲ.
ಆಗಲಿ, ಅಂದೆ.
ಚಹಾ ಕೊಟ್ಟಳು. ಕುಡಿಯುವ ತನಕ
ನನ್ನ ಲೋಟವನ್ನೇ ನೋಡುತ್ತ ಕೂತಳು.

ಉದ್ಘಾಟನೆಯ ದಿನ ಇಪ್ಪತ್ತೆರಡರ ಮಗ್ಗುಲಿಗೆ ಇಪ್ಪತ್ನಾಲ್ಕು.
ಸರ್ ಭಾಷಣದಲ್ಲಿ ‘ಒಬ್ಬರನ್ನೂ ಮರೆತಿಲ್ಲ’ ಎಂದರು,
ಪಟ್ಟಿ ನೋಡಿಕೊಂಡೇ ಎಂದರು.
ಹಾಕದ ಚೀಟಿಗೂ ನಲವತ್ತು ಕೊಟ್ಟರು. ತಗೊಂಡೆ.

ಆ ತಗಡು ಈಗ ನನ್ನ ಬ್ರಷ್ಷಿನ ಡಬ್ಬಿಯಲ್ಲಿದೆ,
ಒಣಗಿದ ಬಣ್ಣ ಕೆರೆಯಲು ಒಮ್ಮೆ ಕೈಗೆ ತೆಗೆದು
ಹಾಗೇ ಇಟ್ಟೆ.

ಹೇಳುವುದು ಬಿಟ್ಟಿದ್ದೆ:
ಕಿಲ್ಲೆ ಓಣಿಯ ಆ ನಂಬರು ನಮ್ಮ ಮನೆಯದು.
ಮುಂಬಾಗಿಲಿನದು.