ಒಂದು ಕ್ರಿಯಾಪದದ ಮರುವಿಚಾರಣೆ

ಅವತ್ತು ಕರೆಂಟಿರಲಿಲ್ಲ. ಕಾರವಾರದ ಕೋರ್ಟಿನ ಫ್ಯಾನು
ಸತ್ತ ಕೊಕ್ಕರೆಯ ಹಾಗೆ ರೆಕ್ಕೆ ಬಿಟ್ಟು ತೂಗುತ್ತಿತ್ತು.
ದುಭಾಷಿ ಎಂಬ ಹುದ್ದೆ ಫೈಲಿನಲ್ಲಿತ್ತು,
ಕುರ್ಚಿಯಲ್ಲಿರಲಿಲ್ಲ.
'ನಾಯಕರೇ, ನಿಮಗೆ ಕೊಂಕಣಿ ಬರ್ತದಲ್ಲ,
ನೀವೇ ಹೇಳಿ' ಎಂದರು ಸಾಹೇಬರು.

ಬರುತ್ತಿತ್ತು. ಮೀನುಪೇಟೆಯಷ್ಟು ಬರುತ್ತಿತ್ತು.
ಬಂಗಡೆ ನೂರಕ್ಕೆ ಎಷ್ಟು, ನಿನ್ನೆಯದೋ ಇವತ್ತಿನದೋ,
ಕಿವಿರು ಎತ್ತಿ ತೋರಿಸು ಬಾಯೆ, ಅಷ್ಟು.
ಒಬ್ಬನ ಜೀವಾವಧಿಯನ್ನು ತೂಗುವಷ್ಟಲ್ಲ.
ಹಾಗೆನ್ನಲು ನಾಚಿಕೆಯಾಗಿ
ಎದ್ದು ನಿಂತೆ.

ಕಟಕಟೆಯಲ್ಲಿ ಪುರ್ಸೊ ತಾಂಡೇಲ, ಬೈತಖೋಲದವನು.
ಧಕ್ಕೆಯ ಮೇಲೆ ಬಲೆಯ ಪಾಲಿನ ಜಗಳ,
ಕೈಗೆ ಸಿಕ್ಕಿದ್ದು ಹುಟ್ಟು.
ಎರಡು ದೋಣಿಗಳ ನಡುವೆ ಬಿದ್ದವನು
ಇಳಿತದ ನೀರಿನೊಂದಿಗೆ ಹೋಗಿ
ಮೂರನೆಯ ದಿನ ದೇವಬಾಗದಲ್ಲಿ ಸಿಕ್ಕ.

'ಹಾಂವೆಂ ತಾಕಾ ಮಾರ್ಲೊ' ಎಂದ ಪುರ್ಸೊ.
ಆಮೇಲೆ ಇನ್ನೂ ಏನೇನೋ, ಬೇಗ ಬೇಗ,
ಕೈಯನ್ನು ಕೆಳಗೆ, ಮತ್ತೆ ಕೆಳಗೆ ತೋರಿಸುತ್ತ.
ನಾನು ಹೇಳಿದೆ:
ಕೊಂದೆ ಎನ್ನುತ್ತಾನೆ, ಸ್ವಾಮಿ.
ಟೈಪಿನ ಸುಲಭಾ ಹೊಡೆದಳು,
ಮೂರು ಕಾರ್ಬನ್ ಇಟ್ಟು.

ಮಾರ್ಲೊ ಎಂದರೆ ಹೊಡೆದೆ.
ಕೊಂದೆ ಎಂದೂ ಆದೀತು, ಆಡಿದವನ ಮುಖ ನೋಡಿದರೆ ತಿಳಿದೀತು.
ನಾನು ಗಡಿಯಾರ ನೋಡುತ್ತಿದ್ದೆ,
ಅಂಕೋಲೆಯ ಬಸ್ಸು ನಾಲ್ಕೂವರೆಗೆ.
ಹುಟ್ಟು ದೋಣಿಯದೋ ಜನ್ಮದ್ದೋ
ಎಂದು ನನ್ನ ಕನ್ನಡವೂ ಹಿಂದುಮುಂದು ನೋಡುತ್ತದೆ.
ಅವನ ಮಾತಿಗೆ ಅಷ್ಟು ವಾಯಿದೆಯನ್ನೂ
ನಾನು ಕೊಡಲಿಲ್ಲ.

ಒಂಬತ್ತು ವರ್ಷ ಹಿಂಡಲಗಾ.
ತೀರ್ಪು ಇಂಗ್ಲಿಷಿನಲ್ಲಿತ್ತು, ನಲವತ್ತೊಂದು ಪುಟ.
ಮಡಚಿ ದಿಂಬಿನ ಹಾಗೆ ಇಟ್ಟುಕೊಂಡು ಮಲಗುತ್ತಿದ್ದನಂತೆ,
ಓದಲಾಗದ್ದಕ್ಕೆ ಇನ್ನೇನು ಉಪಯೋಗ.
ಕಾನೂನು ನೆರವಿನಿಂದ ಹೋದ ಹುಡುಗಿ ಝೀಟಾ ಫರ್ನಾಂಡಿಸ್
ಜಾಳಿಗೆಯ ಈಚೆ ಕೂತು ಕೇಳಿದಳು, 'ಕಿತೆಂ ಜಾಲೆಂ?'
ಏನಾಯಿತು. ಅಷ್ಟೇ.
ಅವನು ಹೇಳಿ ಮುಗಿಸುವಾಗ
ಭೇಟಿಯ ಗಂಟೆ ಎರಡು ಸಲ ಹೊಡೆದಿತ್ತು.

ಧಾರವಾಡದ ಪೀಠ ಬರೆಯಿತು:
ಅಪರಾಧಿ ಎಂದು ಮುದ್ರೆ ಒತ್ತಿದ ಮೇಲೂ
ಅವನು ಕಿವಿ ಬಾಯಿ ಇರುವ ಮನುಷ್ಯ;
ತನಗೆ ತಿಳಿಯದ ಮಾತಿನಲ್ಲಿ ತನ್ನ ಮೇಲೆ ನಡೆದದ್ದು
ವಿಚಾರಣೆಯಲ್ಲ. ಮತ್ತೆ ನಡೆಸಿ.
ನಿರಪರಾಧಿ ಎಂದು ಪೀಠ ಹೇಳಲಿಲ್ಲ.
ಪುರ್ಸೊ ಕೂಡ ಹೇಳಲಿಲ್ಲ.

ಸತ್ತವನ ಹೆಂಡತಿ ಶೇವಂತಿ ಹಿಂದಿನ ಬೆಂಚಿನಲ್ಲಿದ್ದಾಳೆ.
ಒಣಗಿದ ಗಾಯಕ್ಕೆ ಮತ್ತೆ ಉಪ್ಪುನೀರು.
ಅವಳ ಕಡೆ ನೋಡುವ ಕಣ್ಣು ನನಗಿಲ್ಲ,
ಅವಳಿಗೂ ನಾನು ಅನ್ಯಾಯ ಮಾಡಿದ್ದೇನೆ,
ಅರ್ಧ ಕತೆ ಹೇಳಿ.

ಪೆನ್ಶನ್ನಿನ ನನ್ನನ್ನು ಸಾಕ್ಷಿಗೆ ಕರೆದಿದ್ದಾರೆ.
ಮೊದಲ ಪ್ರಶ್ನೆ:
'ಯಾವ ಭಾಷೆಯಲ್ಲಿ ಹೇಳುತ್ತೀರಿ?'
ಎಷ್ಟು ಸಲೀಸಾಗಿ ಕೇಳಿದರು, ನೀರು ಬೇಕೇ ಎಂಬಂತೆ.

ನರೆತ ಪುರ್ಸೊ ಎದುರಿಗಿದ್ದಾನೆ.
ಬೆಳಿಗ್ಗೆ, ನಿಜವಾದ ದುಭಾಷಿಯ ಪಕ್ಕ ನಿಂತು,
ಅಂದಿನ ಹಾಗೇ ಕೈ ಕೆಳಗೆ ಮಾಡಿ ಹೇಳಿದ್ದ,
'ಬುಡ್ಕಿ ಮಾರ್ಲಿ. ತೀನ್ ಪಾವ್ಟಿ.'
ಮುಳುಗು ಹಾಕಿದೆ. ಮೂರು ಸಲ.
ಅವನನ್ನು ಹುಡುಕುವುದಕ್ಕೆ.

ಅದೇ ಕ್ರಿಯಾಪದ.
ಅವತ್ತೂ ಹೇಳಿದ್ದ.

'ಕನ್ನಡದಲ್ಲಿ' ಎನ್ನಬೇಕು ನಾನು.
ಇನ್ನೂ ಅಂದಿಲ್ಲ.
ಹೊರಗೆ ಧಕ್ಕೆಗೆ ದೋಣಿ ಬಂದ ಗದ್ದಲ,
ಬಂಗಡೆಯ ದರ ಕೂಗುತ್ತಿದ್ದಾರೆ,
ಒಂದೊಂದು ಅಕ್ಷರವೂ ನನಗೆ ತಿಳಿಯುತ್ತಿದೆ.