ಮೂರು ಚುಕ್ಕಿ

ಸಲ್ಮಾಬಾದಿನ ಗ್ಯಾರೇಜು ಓಣಿ, ಶುಕ್ರವಾರ.
ಶಟರು ಅರ್ಧ ಇಳಿಸಿ ಎ.ಸಿ. ಹಾಕಿದ್ದಾರೆ ನನಗೋಸ್ಕರ.
ಇವತ್ತು ಜಡ್ಜು ನಾನು. ಹೋದ ವರ್ಷದವರೆಗೆ
ಪಕ್ಕದ ಓಣಿಯಲ್ಲೇ ಲೇತಿನ ಮುಂದೆ ನಿಂತವನು.
ಕೈಯಲ್ಲಿ ಟಾರ್ಚು, ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ,
ಕಿಸೆಯಲ್ಲಿ ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಆಯಸ್ಕಾಂತ,
ನೂರು ಅಂಕದ ಒಂದು ಹಾಳೆ.

ಗಾಡಿ ಬಿಎಸ್‌ಎ, ನಲವತ್ತಮೂರನೇ ಇಸವಿಯದು.
ಯುದ್ಧಕ್ಕೆಂದು ಬಂದದ್ದು, ಯುದ್ಧ ಮುಗಿದರೂ ಹಡಗು ಹತ್ತಲಿಲ್ಲ.
ಜವಾದ್ ಅಲ್-ಸಫ್ಫಾರನ ಅಜ್ಜ
ಎರಡು ಹಿಡಿ ಮುತ್ತು ಸುರಿದು ಕೊಂಡನಂತೆ.
(ಹೋದ ಸಲ ಹೇಳಿದಾಗ ಒಂದೇ ಹಿಡಿ ಇತ್ತು.
ಕತೆಗೆ ಅಂಕವಿಲ್ಲ, ಬಿಡಿ.)

ಮೊದಲು ಟ್ಯಾಂಕಿಗೆ ಆಯಸ್ಕಾಂತ.
ಹಿಡಿಯಿತು, ಹಿಡಿಯಿತು,
ಎಡಗಡೆ ತೊಡೆ ತಾಗುವಲ್ಲಿ ಜಾರಿತು. ಒಳಗೆ ಪುಟ್ಟಿ.
ಅರ್ಧ ಅಂಕ.
ಎಂಜಿನ್ ನಂಬರು ಸ್ವಲ್ಪ ಸೊಟ್ಟ, ಕೈಯಲ್ಲಿ ಬಡಿದದ್ದು;
ಶಾಲೆಮಕ್ಕಳ ಹಾಗೆ ಸಾಲಾಗಿ ನಿಂತಿದ್ದರೆ
ಅನುಮಾನ ಪಡುತ್ತಿದ್ದೆ.
ಮ್ಯಾಗ್ನೆಟೊ ಅದರದೇ. ಕಾರ್ಬುರೇಟರು ಅದರದೇ,
ಮೈಮೇಲೆ ಹಳೇ ಪೆಟ್ರೋಲಿನ ಹಳದಿ.
ಹೆಡ್‌ಲೈಟಿನ ಬಳೆ ಮಾತ್ರ ಹೊಸಬಳು,
ಮದುವೆಮನೆಯ ಹೊಳಪು. ಎರಡು ಅಂಕ.

ಶಫೀಕುಲ್ ಎಂಬ ಹುಡುಗ ಚಿಂದಿ ಬಟ್ಟೆ ಹಿಡಿದು ನಿಂತಿದ್ದಾನೆ,
ಮೂರು ರಾತ್ರಿ ಒರೆಸಿದವನ ಕಣ್ಣು.
ಜವಾದ್ ಹೇಳುತ್ತಾನೆ: ನಮ್ಮಜ್ಜ
ಮುತ್ತನ್ನು ಹಲ್ಲಿಗೆ ತಿಕ್ಕಿ ನೋಡುತ್ತಿದ್ದ,
ಮರಳಿನ ಹಾಗೆ ಕರಕರ ಅಂದರೆ ನಿಜ, ನುಣ್ಣಗಿದ್ದರೆ ಗಾಜು.
ನಕ್ಕೆ, ಬಾಯಿ ಮುಚ್ಚಿಕೊಂಡು.
ನನ್ನ ಹಲ್ಲೇ ಸೆಟ್ಟು.

ಕೊನೆಗೆ ಮೊಣಕಾಲೂರಿ, ಗೇರ್‌ಬಾಕ್ಸಿನ ಅಡಿಗೆ ಕನ್ನಡಿ ತೂರಿಸಿದೆ.
ಬೋಲ್ಟಿನ ಬಾಲದ ತುದಿಯಲ್ಲಿ,
ಗ್ರೀಸಿನ ಕೆಳಗೆ,
ಮೂರು ಚುಕ್ಕಿ.

ಅಪ್ಪ ಲಿಂಗಸುಗೂರಿನ ಪತ್ತಾರ.
ಯಾರ ಬೆಂಡೋಲೆ ಮಾಡಿದರೂ ಹಿಂದುಗಡೆ
ಸೂಜಿಮೊನೆಯಷ್ಟು ಮೂರು ಚುಕ್ಕಿ ಕುಟ್ಟುತ್ತಿದ್ದ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ಊರೆಲ್ಲ ಆಡಿಕೊಳ್ಳುವಾಗ
ಇದ್ಯಾಕಪ್ಪ ಗುರುತು, ಕೇಳಿದ್ದೆ.
'ನಾಳೆ ಯಾರರೆ ಹೊಳ್ಳಿ ತಂದ್ರ
ನನ್ನ ತಪ್ಪು ನನಗ ಗುರ್ತ ಸಿಗಬೇಕಲ್ಲೋ.'

ತೊಂಬತ್ತಾರರ ಆಗಸ್ಟು. ಗುಲ್‌ಜಮಾನ್ ಖಾನನ ಆರ್ಡರು:
ಎಂಟು ಬೋಲ್ಟು, ಎರಡು ದಿನಾರು.
ಇಂಚಿಗೆ ಇಪ್ಪತ್ತಾರು ಎಳೆ, ಆ ಕಾಲದ್ದೇ ಆಗಬೇಕು.
ಕಡೆದೆ. ಚಹಾಸೊಪ್ಪು, ವಿನೆಗರಿನಲ್ಲಿ ಕುದಿಸಿದೆ.
ಹಿದ್ದ್ ಕಡಲಂಚಿನ ಒದ್ದೆ ಮರಳಲ್ಲಿ ಹದಿನೈದು ದಿನ ಹೂತಿಟ್ಟೆ,
ಉಪ್ಪು ತಿಂದು ಮುದಿಯಾಗಲಿ ಎಂದು.
ಮುದಿಯಾಗಿ ಎದ್ದು ಬಂದವು,
ಒಂದೇ ಪಕ್ಷದಲ್ಲಿ ಐವತ್ತು ವರ್ಷ.

ಆಮೇಲೆ ಇಪ್ಪತ್ತೆಂಟು ಬೇಸಿಗೆ.
ಈಗ ಇದರ ಮೇಲಿರುವ ತುಕ್ಕು
ನಾನು ಹಚ್ಚಿದ್ದಲ್ಲ.

'ಅಸ್ಲಿ?' ಜವಾದ್ ಬಗ್ಗಿ ಕೇಳುತ್ತಾನೆ.
ಅವನ ಮಾತು ನಮ್ಮೂರಲ್ಲೂ ಓಡಾಡುತ್ತದೆ,
ಸಾಲದ ಪುಸ್ತಕದಲ್ಲಿ: ಅಸಲು, ಬಡ್ಡಿ.
ಅಸಲು ಯಾವ ಗುಜರಿಯಲ್ಲಿ ಕರಗಿತೋ.
ಬಡ್ಡಿ ಇಲ್ಲಿ ಕೂತು ಗೇರ್‌ಬಾಕ್ಸು ಹೊತ್ತಿದೆ.

ಒಂದು ಅಂಕ ಕಳೆದೆ.
ಷರಾ ಕಾಲಮ್ಮಿನಲ್ಲಿ: ಸ್ಥಳೀಯ ಕೆಲಸ, ಒಳ್ಳೆಯದು.
'ಒಳ್ಳೆಯದು' ಹೊಡೆದು ಹಾಕಿದೆ.
ಶಫೀಕುಲ್‌ನ ಕೈಯ ಬಟ್ಟೆ ಕೆಳಗಿಳಿಯಿತು.

'ಅಷ್ಟು ಕತ್ತಲಲ್ಲಿ ಹೇಗೆ ಗೊತ್ತಾಯಿತು, ಉಸ್ತಾದ್?'
ಪ್ಯಾಂಟಿನ ಮೊಣಕಾಲು ಕೊಡವಿಕೊಂಡೆ.
ಎಳೆ ಸಡಿಲ, ಅಂದೆ.

ಸಡಿಲವಿರಲಿಲ್ಲ.
ಅಷ್ಟು ಬಿಗಿಯಾದ ಎಳೆಯನ್ನು
ನಾನು ಮತ್ತೆ ಕಡೆದಿಲ್ಲ.